ತಾನ್‌ಸೇನ್ ದಾರಿಯಲ್ಲಿ ದಮ್ಮು ಹೋದ ಕಾರು

ಸೋನೌಲಿ

ದೇಶ ದಾಟುವುದೆಂದರೆ ಮೈಯಲ್ಲಿ ಏನೋ ಆಗುತ್ತದೆ ಎಂದುಕೊಂಡಿದ್ದೆ. ಆಗಿದ್ದು ಇಷ್ಟೇ. ಒಂದು ಕಮಾನು ಬಂತು. ಅದರ ಕೆಳಗೆ ಸೈಕಲ್ ರಿಕ್ಷಾಗಳು, ಮೂಟೆ ಹೊತ್ತ ಹೆಂಗಸರು, ಬಿಸ್ಕತ್ತು ತಿನ್ನುತ್ತಿದ್ದ ಒಬ್ಬ ಪೊಲೀಸ್. ಚಿಂತಾಮಣಿಯ ಸಂತೆ ದಿನ ಬಸ್ ಸ್ಟ್ಯಾಂಡ್ ಮುಂದೆ ಇರುವಷ್ಟೇ ಗಲಾಟೆ. ನಮ್ಮ ಕಾರಿಗೆ ನೇಪಾಳದೊಳಗೆ ಓಡಾಡಲು ಪರವಾನಗಿ ಚೀಟಿ ಮಾಡಿಸಿಕೊಂಡು ಕಮಾನು ದಾಟಿದೆವು. ನನ್ನ ಗಂಡ ಇಲ್ಯಾಸ್ ಮೊಬೈಲ್ ನೋಡಿ ಗಾಬರಿಯಾದ. ಗಡಿಯಾರ ಕಾಲು ಗಂಟೆ ಮುಂದೆ ಓಡಿತ್ತು. ಈ ದೇಶದ ಹೊತ್ತು ನಮಗಿಂತ ಕಾಲು ಗಂಟೆ ಮುಂದೆ ಎಂದು ಚೀಟಿ ಕೊಟ್ಟವನು ಹೇಳಿದ್ದನ್ನು ಅವನು ಕೇಳಿಸಿಕೊಂಡಿರಲಿಲ್ಲ. ಸುಮ್ಮನೆ ಕೈಬಿಟ್ಟುಹೋದ ಆ ಕಾಲು ಗಂಟೆಯ ಬಗ್ಗೆ ಅವನು ತುಂಬ ಹೊತ್ತು ಗೊಣಗಿದ. ನನಗೋ ಅದೇ ಖುಷಿ. ನಾನು ಒಂದು ಕಡೆ ಕೂರುವ ಜಾತಿಯವಳಲ್ಲ. ಹೊತ್ತು ಕೂಡ ಒಂದಿಷ್ಟು ಮುಂದಕ್ಕೆ ಹಾರಿದ್ದು ನೋಡಿ ಹಗುರಾಯಿತು.

ನಾವು ಮೂವರು. ನಾನು ನಸೀಮಾ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಇಲ್ಯಾಸ್ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಹುರಿ ಮಾಡಿಸುವ ಕೆಲಸದಲ್ಲಿದ್ದಾನೆ. ಹಿಂದಿನ ಸೀಟಿನಲ್ಲಿ ಅವನ ತಾಯಿ. ನಾವು ಅಮ್ಮಿ ಎನ್ನುತ್ತೇವೆ. ಅಮ್ಮಿಗೆ ವಿಮಾನ ಎಂದರೆ ಭಯ, ಇಲ್ಯಾಸ್‌ಗೆ ಬೇರೆಯವರ ಗಾಡಿ ಎಂದರೆ ಭಯ. ಹಾಗಾಗಿ ಶಿಡ್ಲಘಟ್ಟದಿಂದ ಇಲ್ಲಿಯ ತನಕ ನಮ್ಮದೇ ಹಳೇ ಡೀಸೆಲ್ ಕಾರಿನಲ್ಲಿ ಬಂದಿದ್ದೆವು. ಹೊರಡುವಾಗ ನೆಂಟರೆಲ್ಲ ನಕ್ಕರು. ನಾವು ಹೊರಟಿದ್ದು ನಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದವರನ್ನು ನೋಡಲು.

ದಿಲ್ ಬಹಾದೂರ್ ಮತ್ತು ಸರಿತಾ ನಮ್ಮ ಮಹಡಿಯ ಒಂಟಿ ರೂಮಿನಲ್ಲಿದ್ದರು. ಅವನು ಬಸ್ ಸ್ಟ್ಯಾಂಡ್ ಹತ್ತಿರದ ಗೋಬಿ ಮಂಚೂರಿ ಗಾಡಿಯಲ್ಲಿ ಅಡುಗೆಯವನು, ಅವಳು ರೇಷ್ಮೆ ಬಿಚ್ಚುವ ಕಡೆ ಕೂಲಿಗೆ ಹೋಗುತ್ತಿದ್ದಳು. ಅವರ ಮಗಳು ಅಸ್ಮಿತಾ ಹುಟ್ಟಿದ್ದು ಅಲ್ಲೇ. ಸರಿತಾ ಕೆಲಸಕ್ಕೆ ಹೋದರೆ ಮಗು ಅಮ್ಮಿಯ ತೊಡೆಯ ಮೇಲೆ. ನಮಗೆ ಮಕ್ಕಳಿಲ್ಲ. ಆ ಮಗು ನಮ್ಮ ಮನೆಯಲ್ಲೇ ನಡೆಯಲು ಕಲಿಯಿತು, ನಮ್ಮ ತಟ್ಟೆಯಲ್ಲೇ ಉಂಡಿತು. ಆಮೇಲೆ ದಿಲ್ ಬಹಾದೂರನ ಅಪ್ಪ ಹಾಸಿಗೆ ಹಿಡಿದರು. ಜಮೀನು ನೋಡುವವರಿಲ್ಲ ಎಂದು ಮೂವರೂ ನೇಪಾಳದ ತಾನ್‌ಸೇನ್ ಪೇಟೆಯ ಹತ್ತಿರದ ತಮ್ಮ ಊರಿಗೆ ಹೊರಟರು. ಮಗುವಿಗೆ ಆಗ ಮೂರು ತುಂಬಿರಲಿಲ್ಲ. ಹೋದ ಮೇಲೆ ಅಮ್ಮಿ ಮಂಡಿ ನೋವಿನಲ್ಲೂ ಮಹಡಿ ಹತ್ತಿ ಆ ಖಾಲಿ ರೂಮಿನ ಕಸ ಗುಡಿಸುತ್ತಿದ್ದರು. ಬೇರೆ ಬಾಡಿಗೆಯವರನ್ನು ಕರೆತಂದರೆ ಏನಾದರೊಂದು ನೆಪ ಹೇಳಿ ವಾಪಸ್ ಕಳಿಸುತ್ತಿದ್ದರು. ಹೀಗೇ ನಾಲ್ಕು ವರ್ಷ ಕಳೆಯಿತು. ಈ ಸಲ ರಜೆ ಬಂದಾಗ ಹೋಗೋಣ ಎಂದವಳು ನಾನು.

ಬುಟ್ವಲ್

ಗೋರಖ್‌ಪುರ ದಾಟಿದ ಮೇಲಿಂದಲೇ ನನ್ನ ಕಿವಿಗೆ ಒಂದು ಸದ್ದು ಅಂಟಿಕೊಂಡಿತ್ತು. ಕುಕ್ಕರ್ ವಿಷಲ್ ಹಾಕುವ ಮುಂಚೆ ಸುಯ್ ಎನ್ನುತ್ತದಲ್ಲ, ಹಾಗೆ. ಲಾರಿ ಹಿಂದೆ ಹಾಕಲು ಇಲ್ಯಾಸ್ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಅದು ಬರುತ್ತಿತ್ತು, ಪಿಕಪ್ ಮಾತ್ರ ಬರುತ್ತಿರಲಿಲ್ಲ. ಹೇಳಿದೆ. ಇಲ್ಲಿನ ಡೀಸೆಲ್ ಸರಿ ಇಲ್ಲ ಎಂದ. ಇನ್ನೊಮ್ಮೆ ಹೇಳಿದೆ. ಎ.ಸಿ. ಹಾಕಿದ್ದೀವಲ್ಲ, ಅದಕ್ಕೆ ಎಂದ. ಬಯಲು ಸೀಮೆಯಲ್ಲಿ ಗಾಡಿ ಹೇಗೋ ಓಡುತ್ತದೆ. ನನ್ನ ಬಲಗಾಲು ಮಾತ್ರ ಅವನ ಪಕ್ಕದಲ್ಲಿ ಕೂತು ಇಲ್ಲದ ಪೆಡಲನ್ನು ಒತ್ತುತ್ತಲೇ ಇತ್ತು.

ಬುಟ್ವಲ್ ಊರು ಮುಗಿಯುತ್ತಿದ್ದಂತೆ ಬೆಟ್ಟ ಒಮ್ಮೆಲೇ ಎದುರಿಗೆ ನಿಂತುಬಿಡುತ್ತದೆ. ನಮ್ಮ ನಂದಿ ಬೆಟ್ಟವಾದರೆ ದೂರದಿಂದಲೇ ಕಾಣಿಸಿಕೊಂಡು, ಬರ್ತೀರಾ ಎಂದು ಕೇಳಿ, ಆಮೇಲೆ ಹತ್ತಿಸಿಕೊಳ್ಳುತ್ತದೆ. ಇಲ್ಲಿ ಕೇಳುವುದು ಹೇಳುವುದು ಏನೂ ಇಲ್ಲ. ಒಂದು ಪಕ್ಕ ನೇರ ಬಂಡೆಗೋಡೆ, ಇನ್ನೊಂದು ಪಕ್ಕ ಆಳದಲ್ಲಿ ನದಿ. ರಸ್ತೆಯ ಕೆಲಸ ನಡೆಯುತ್ತಿದ್ದುದರಿಂದ ಇದ್ದ ಅಗಲವೂ ಅರ್ಧವಾಗಿತ್ತು. ಊರಾಚೆ ಚಹಾ ಕುಡಿಯುವಾಗ ಅಂಗಡಿಯವನು ಹಿಂದಿಯಲ್ಲಿ ಒಂದು ಮಾತು ಹೇಳಿದ್ದ. ಮುಂದೆ ಕಲ್ಲು ಬೀಳುವ ಜಾಗ ಬರುತ್ತದೆ, ಅಲ್ಲಿ ಏನಾದರೂ ಆಗಲಿ, ಗಾಡಿ ನಿಲ್ಲಿಸಬೇಡಿ.

ಕಲ್ಲು ಬೀಳುವ ತಿರುವು

ಆ ಜಾಗಕ್ಕೆ ಬೋರ್ಡ್ ಬೇಕಾಗಿರಲಿಲ್ಲ. ರಸ್ತೆಯ ಮೇಲೆ ಹೊಸದಾಗಿ ಒಡೆದ ಕಲ್ಲಿನ ಚೂರುಗಳು ಬಿದ್ದಿದ್ದವು. ಮುಂದಿನ ಮೋಟಾರ್ ಸೈಕಲ್‌ನವರು ಮೇಲೆ ನೋಡುತ್ತ ಜೋರಾಗಿ ಓಡಿಸುತ್ತಿದ್ದರು. ಇಲ್ಯಾಸ್ ಕೂಡ ಜೋರು ಮಾಡಲು ಹೋದ. ಗಾಡಿ ಕಿರುಚಿತು, ಮುಂದಕ್ಕೆ ಎಳೆಯಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ. ಹಿಂದಿದ್ದ ಬಸ್ಸಿನವನು ಹಾರ್ನ್ ಹೊಡೆದ.

"ಒತ್ತಿದ್ರೂ ಏಳ್ತಿಲ್ಲ," ಎಂದ ಇಲ್ಯಾಸ್. ಮನೆಯಲ್ಲಿ ನಾವು ಮಾತಾಡುವುದು ನಮ್ಮೂರ ಉರ್ದು. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಎ.ಸಿ. ಆರಿಸಿ ಎಂದೆ. ಆರಿಸಿದ. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದೆವು. ಗಾಡಿ ಆಳು ನಡೆಯುವ ವೇಗದಲ್ಲಿ ತೆವಳಿತು. ತೆವಳಿದರೂ ಪರವಾಗಿಲ್ಲ, ನಿಲ್ಲದಿದ್ದರೆ ಸಾಕು ಎಂದುಕೊಂಡೆ. ಬಾನೆಟ್ ಮೇಲೆ ಪಟಪಟ ಎಂದು ಏನೋ ಬಿತ್ತು. ಕಡಲೆಕಾಳಿನಷ್ಟು ದಪ್ಪದ ಕಲ್ಲುಗಳು. ಇಲ್ಯಾಸ್ ಬೆದರಿ ಕ್ಲಚ್ ಬಿಟ್ಟುಬಿಟ್ಟ. ತಿರುವಿನ ನಟ್ಟನಡುವೆ ಎಂಜಿನ್ ನಿಂತಿತು.

ಎಂಜಿನ್ ನಿಂತ ಕಾರು ಎಷ್ಟು ಭಾರ ಎಂಬುದು ಆಗ ಗೊತ್ತಾಯಿತು. ಸ್ಟೀರಿಂಗ್ ಕಲ್ಲಾಯಿತು. ಬ್ರೇಕ್ ಪೆಡಲ್ ಗಟ್ಟಿಯಾಯಿತು, ಪೂರ್ತಿ ಬಲ ಹಾಕಿ ತುಳಿದರಷ್ಟೇ ಹಿಡಿಯುತ್ತಿತ್ತು. ಅಷ್ಟರಲ್ಲಿ ಕಾರು ಸ್ವಲ್ಪ ಹಿಂದಕ್ಕೆ ಜಾರಿತು. ನಾನು ಹ್ಯಾಂಡ್‌ಬ್ರೇಕ್ ಎಳೆದೆ, ನಾಲ್ಕೂ ಇಂಡಿಕೇಟರ್ ಮಿಣುಕುವ ಗುಂಡಿ ಒತ್ತಿದೆ. ಇಲ್ಯಾಸ್ ಕೀ ತಿರುಗಿಸುತ್ತಲೇ ಇದ್ದ. ಸುಮ್ಮನೆ ತಿರುಗಿಸಿದರೆ ಬ್ಯಾಟರಿಯೂ ಹೋಗುತ್ತದೆ ಎಂದು ಅವನ ಕೈ ಹಿಡಿದೆ.

ಚಿಕ್ಕಬಳ್ಳಾಪುರದಲ್ಲಿ ನನಗೆ ಡ್ರೈವಿಂಗ್ ಕಲಿಸಿದವರು ಇಂಥ ಹೊತ್ತಿಗೆ ಏನು ಮಾಡಬೇಕೆಂದು ಚೆನ್ನಾಗಿಯೇ ಹೇಳಿಕೊಟ್ಟಿದ್ದರು. ಗಾಡಿ ಇನ್ನೂ ಉರುಳುತ್ತಿರುವಾಗಲೇ ಜಾಗ ನೋಡಿಕೊಂಡು ಎಡಕ್ಕೆ ತೆಗೆದುಕೊಳ್ಳಬೇಕು, ದೀಪ ಮಿಣುಕಿಸಬೇಕು, ನಿಂತ ಮೇಲೆ ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ಕಳಿಸಬೇಕು, ಆಮೇಲೆ ಬಾನೆಟ್ ತೆಗೆಯಬೇಕು. ಗೌರಿಬಿದನೂರು ರಸ್ತೆಯಲ್ಲಾದರೆ ಹಾಗೇ ಮಾಡುತ್ತಿದ್ದೆ. ಹುಣಸೆ ಮರದ ಕೆಳಗೆ ನಿಲ್ಲಿಸಿ, ಮಂಚೇನಹಳ್ಳಿಯಿಂದ ಯಾರನ್ನಾದರೂ ಕರೆಸಿಕೊಳ್ಳುತ್ತಿದ್ದೆ. ಇಲ್ಲಿ ದೂರ ಹೋಗಲು ಜಾಗವೇ ಇರಲಿಲ್ಲ. ಇಳಿದರೆ ತಲೆಯ ಮೇಲೆ ಏನು ಬೀಳುತ್ತದೋ, ಕೂತರೆ ತಗಡಿನ ಮೇಲೆ ಏನು ಬೀಳುತ್ತದೋ. ಹಿಂದೆ ಸರಿಯೋಣವೆಂದರೆ ಬಸ್ಸು. ಅಮ್ಮಿ ಹಿಂದೆ ಕೂತು ಮೆಲ್ಲಗೆ ದುವಾ ಓದುತ್ತಿದ್ದರು.

ಬಸ್ಸಿನ ಬಾಗಿಲು ತೆರೆಯಿತು. ಬೈಯಲು ಬರುತ್ತಾರೆ ಎಂದುಕೊಂಡೆ. ಬಂದವರು ಒಂದಷ್ಟು ಗಂಡಸರು ಮತ್ತು ಬೆನ್ನಿಗೆ ಬ್ಯಾಗ್ ಹಾಕಿಕೊಂಡಿದ್ದ ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಏನೂ ಕೇಳಲಿಲ್ಲ. ಒಬ್ಬ ದೊಡ್ಡ ಕಲ್ಲೊಂದನ್ನು ತಂದು ಹಿಂದಿನ ಚಕ್ರಕ್ಕೆ ಕೊಟ್ಟ. ಉಳಿದವರು ಡಿಕ್ಕಿಗೆ ಕೈ ಹಚ್ಚಿದರು. ಭಾರ ಕಡಿಮೆಯಾಗಲಿ ಎಂದು ಅಮ್ಮಿ ಬಾಗಿಲು ತೆಗೆದು ಕಾಲು ಕೆಳಗಿಟ್ಟರು. ಆ ಹೆಂಗಸು ಕೈ ಅಡ್ಡ ಮಾಡಿ, "ಆಮಾ, ಬಸ್ನುಸ್, ಬಸ್ನುಸ್," ಎಂದಳು.

ಅಮ್ಮಿಗೆ ಕೇಳಿಸಿದ್ದು ಬಸ್ಸು. ಬಸ್ಸಿಗೆ ಹೋಗಿ ಎನ್ನುತ್ತಿದ್ದಾಳೆ ಎಂದು ತಿಳಿದು ಅವರು ಬುರ್ಖಾ ಎತ್ತಿಕೊಂಡು ಪೂರಾ ಇಳಿದು ಬಸ್ಸಿನ ಕಡೆ ಹೊರಟೇಬಿಟ್ಟರು. ಆ ಹೆಂಗಸು ಇನ್ನೂ ಜೋರಾಗಿ ಬಸ್ನುಸ್ ಎಂದಳು. ಅಮ್ಮಿ ಇನ್ನೂ ಬೇಗ ನಡೆದರು. ಕೊನೆಗೆ ಅವಳು ಓಡಿಹೋಗಿ ಅಮ್ಮಿಯನ್ನು ಹಿಡಿದು ತಂದು ಸೀಟಿನ ಮೇಲೆ ಕೂರಿಸಿ, ಬಾಗಿಲು ಹಾಕಿ, ಸೀಟಿನ ಮೇಲೆ ಕೈ ತಟ್ಟಿ ತೋರಿಸಿದಳು. ಬಸ್ನುಸ್ ಎಂದರೆ ಕೂತ್ಕೊಳ್ಳಿ.

ಇಲ್ಯಾಸ್ ನನ್ನನ್ನು ನೋಡಿದ. "ನೀನು ಈ ಕಡೆ ಬಾ. ನನ್ನ ಕೈಲಿ ಆಗಲ್ಲ. ನಾನು ತಳ್ತೀನಿ."

ಮದುವೆಯಾದಾಗಿನಿಂದ ನನ್ನ ಪಕ್ಕದಲ್ಲಿ ಕೂತು ಬ್ರೇಕ್ ಹಾಕು, ಹಾರ್ನ್ ಹೊಡಿ ಎನ್ನುತ್ತಿದ್ದ ಮನುಷ್ಯ ಅದನ್ನು ಹೇಳಲು ಎಷ್ಟು ಕಷ್ಟಪಟ್ಟನೋ. ಕಲ್ಲು ಬೀಳುವ ಕಡೆಗೇ ಇಳಿದು ಹೋದ. ನಾನು ಒಳಗಿಂದಲೇ ಸರಿದು ಸ್ಟೀರಿಂಗ್ ಮುಂದೆ ಕೂತೆ. ಒಂದೇ ಸಲ ಕೀ ತಿರುಗಿಸಿದೆ. ಎಂಜಿನ್ ಚಾಲೂ ಆಯಿತು, ಕೆಮ್ಮಿತು, ಉಳಿಯಿತು. ಮೊದಲನೇ ಗೇರ್ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ಹಿಂದಿನಿಂದ ಜನರ ಬಲ ಬಂದಿದ್ದು ನನ್ನ ಬೆನ್ನಿಗೇ ಗೊತ್ತಾಯಿತು. ಅವರು "ಬಿಸ್ತಾರೈ, ಬಿಸ್ತಾರೈ" ಎನ್ನುತ್ತಿದ್ದರು. ಮೆಲ್ಲಗೆ ಎಂದಂತೆ. ನಮ್ಮ ಉರ್ದುವಿನಲ್ಲಿ ಬಿಸ್ತರ್ ಎಂದರೆ ಹಾಸಿಗೆ. ಇವರಿಗೆ ಈಗ ಹಾಸಿಗೆ ಯಾಕೆ ಬೇಕು ಎಂದು ಅಮ್ಮಿ ದುವಾ ನಿಲ್ಲಿಸಿ ನನ್ನನ್ನು ಕೇಳಿದರು. ನನಗೆ ನಗು ಬಂತು. ನಗುತ್ತಲೇ, ಕಣ್ಣಲ್ಲಿ ನೀರು ಬರುತ್ತಿರುವಾಗಲೇ ತಿರುವು ದಾಟಿಸಿದೆ.

ಅದರಾಚೆ ರಸ್ತೆ ಕೆಲಸದವರು ಬೆಟ್ಟವನ್ನು ಒಳಕ್ಕೆ ಕಡಿದು ಅಗಲ ಮಾಡಿದ್ದ ಜಾಗವಿತ್ತು. ಅಲ್ಲಿಯವರೆಗೆ ತಳ್ಳಿದರು. ಗಾಡಿ ನಿಂತ ಮೇಲೆ, ಹಿಂದೆಯೇ ಬಂದ ಬಸ್ಸು ಹತ್ತಿದರು. ಧನ್ಯವಾದ ಹೇಳಲು ನಾನು ಓಡಿದೆ. ಆ ಹೆಂಗಸು ಕಿಟಕಿಯಿಂದ ತಲೆ ಹೊರಹಾಕಿ, ಮುಂದೆ ಸ್ವಲ್ಪ ಇಳಿಜಾರು, ಅಲ್ಲೊಂದು ಹೋಟೆಲಿದೆ, ಅಲ್ಲಿಂದ ಗಾಡಿ ರಿಪೇರಿಯ ಮಿಸ್ತ್ರಿಗೆ ಫೋನ್ ಮಾಡಿಸಿಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದಳು. ಬಸ್ಸು ಹೋಯಿತು. ಅವಳ ಹೆಸರು ಕೇಳಿಕೊಳ್ಳಲು ಆಗಲಿಲ್ಲ.

ಇಲ್ಯಾಸ್ ಬಂದು ಪಕ್ಕದ ಸೀಟಿನಲ್ಲಿ ಕೂತ. ಅಂಗಿಯೆಲ್ಲ ಹೊಗೆಯ ಮಸಿ. ಗಾಡಿ ನೀನೇ ಓಡಿಸು ಎಂದೂ ಹೇಳಲಿಲ್ಲ, ಕೊಡು ಎಂದೂ ಹೇಳಲಿಲ್ಲ. ನಾನು ಓಡಿಸಿದೆ.

ದೀದಿಯ ಹೋಟೆಲು

ಹೋಟೆಲ್ ನಡೆಸುತ್ತಿದ್ದಾಕೆ ನಮ್ಮ ವಯಸ್ಸಿನವಳು. ಎಲ್ಲರೂ ಅವಳನ್ನು ದೀದಿ ಎನ್ನುತ್ತಿದ್ದರು. ನಮ್ಮ ಮುಖ ನೋಡಿದ ಕೂಡಲೇ ಊಟ ಆಯ್ತಾ ಎಂದಳು. ಆಗಿನ್ನೂ ಬೆಳಗಿನ ಹೊತ್ತು. ಇಲ್ಲಿ ತಿಂಡಿಯ ಹೊತ್ತಿಗೇ ಅನ್ನದ ಊಟ ಮುಗಿಸುತ್ತಾರೆ. ನಮ್ಮೂರಲ್ಲಿ ಎದುರು ಸಿಕ್ಕವರನ್ನೆಲ್ಲ ಊಟ ಆಯ್ತಾ ಎಂದು ಕೇಳುತ್ತೇವೆ, ಉತ್ತರಕ್ಕೆ ಕಾಯುವುದಿಲ್ಲ. ಇವಳು ಕಾದಳು. ಇಲ್ಲ ಎಂದ ಕೂಡಲೇ ತಟ್ಟೆ ಹಾಕಿದಳು. ಅನ್ನ, ಬೇಳೆ, ಒಗ್ಗರಣೆ ಹಾಕಿದ ಸಾಸಿವೆ ಸೊಪ್ಪು, ಹುಳಿ ಬರಿಸಿ ಒಣಗಿಸಿದ ಗುಂದ್ರುಕ್ ಎಂಬ ಇನ್ನೊಂದು ಸೊಪ್ಪಿನ ಸಾರು. ಹೊರಗೆ ಮಾಂಸ ಮುಟ್ಟದ ಅಮ್ಮಿಗೆ ಇದು ಹಬ್ಬವಾಯಿತು. ನಮ್ಮ ಮಸ್ಸೊಪ್ಪು ಬಿಸಿಲಲ್ಲಿ ಒಂದು ತಿಂಗಳು ಮಲಗಿ ಎದ್ದುಬಂದಂತಿದೆ ಎಂದರು. ಇನ್ನಷ್ಟು ಹಾಕಿಸಿಕೊಂಡರು.

ನಾನು ಅರ್ಧ ಊಟಕ್ಕೇ ಎದ್ದೆ. ಕಾರಿನ ಹತ್ತಿರ ಹೋಗುವುದು, ವಾಪಸ್ ಬರುವುದು, ಮತ್ತೆ ಹೋಗುವುದು. ದೀದಿಯ ಫೋನಿನಿಂದ ದಿಲ್ ಬಹಾದೂರನಿಗೆ ಹೇಳಿದ್ದಾಯಿತು. ಬುಟ್ವಲ್‌ನಿಂದ ಮಿಸ್ತ್ರಿ ಬೈಕಿನಲ್ಲಿ ಬಂದ. ಮೊದಲು ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಅದನ್ನು ಬಿಚ್ಚಿದ. ಇಲ್ಯಾಸ್‌ನ ಮುಖ ಅರಳಿತು, ತನ್ನ ಮಾತೇ ನಿಜವಾಯಿತೆಂದು. ಫಿಲ್ಟರ್ ಸರಿಯಾಗಿಯೇ ಇತ್ತು. ನಾನು ಆ ಸುಯ್ ಸದ್ದಿನ ಬಗ್ಗೆ ಹೇಳಿದೆ. ಮಿಸ್ತ್ರಿ ಎಂಜಿನ್ ಚಾಲೂ ಮಾಡಿಸಿ, ಆಕ್ಸಿಲರೇಟರ್ ಒತ್ತಿಸಿ, ಕಿವಿ ಬಗ್ಗಿಸಿ ಕೇಳಿದ. ಆಮೇಲೆ ಒಂದು ದಪ್ಪ ರಬ್ಬರ್ ಪೈಪನ್ನು ಬೆರಳಲ್ಲಿ ಹಿಸುಕಿ ತೋರಿಸಿದ. ಕೆಳಗಿನ ಮಗ್ಗುಲಲ್ಲಿ ಉದ್ದಕ್ಕೆ ಸೀಳಿತ್ತು. ಎಂಜಿನ್‌ಗೆ ಒತ್ತಿ ಕಳಿಸುವ ಗಾಳಿಯೆಲ್ಲ ಆ ಸೀಳಿನಿಂದ ಹೊರಗೆ ಹೋಗುತ್ತಿತ್ತು. ಗಾಳಿ ಸಾಲದ ಎಂಜಿನ್‌ಗೆ ದಮ್ಮೆಲ್ಲಿಂದ ಬರಬೇಕು, ಕಪ್ಪು ಹೊಗೆಯೂ ಅದಕ್ಕೇ. ಹೊಸ ಪೈಪ್ ತರಿಸಬೇಕು, ನಾಳೆಯೋ ನಾಡಿದ್ದೋ ಆಗಬಹುದು ಎಂದ. ಈಗಲೇ ಹೋಗಲೇಬೇಕೆಂದರೆ ಸೈಕಲ್ ಟ್ಯೂಬ್ ಸುತ್ತಿ ಬಿಗಿದು ಕೊಡುತ್ತೇನೆ, ಇಳಿಜಾರಿನಲ್ಲಿ ಬುಟ್ವಲ್ ಮುಟ್ಟುತ್ತದೆ, ಮೇಲಕ್ಕೆ ಮಾತ್ರ ನಂಬಬೇಡಿ ಎಂದ.

ನಕ್ಕೋ, ಮೇಲಕ್ಕೆ ನಕ್ಕೋ ಎಂದ ಇಲ್ಯಾಸ್. ನಮ್ಮ ಕಡೆಯ ಉರ್ದುವಿನಲ್ಲಿ ನಕ್ಕೋ ಎಂದರೆ ಬೇಡ. ಮಿಸ್ತ್ರಿಗೆ ಆ ಪದ ಇಷ್ಟವಾಗಿಬಿಟ್ಟಿತು. ಸ್ಪ್ಯಾನರ್ ಹಿಡಿದು ನಕ್ಕೋ ನಕ್ಕೋ ಎಂದು ಹೇಳಿಕೊಳ್ಳುತ್ತಲೇ ಕೆಲಸ ಮಾಡಿದ. ಇಲ್ಯಾಸ್ ನಗಲಿಲ್ಲ. ಕೆಳಗೆ ಇಳಿಯೋಣ, ಪೈಪ್ ಹಾಕಿಸಿ ಬಂದ ದಾರಿಯಲ್ಲೇ ಹೋಗಿಬಿಡೋಣ ಎಂದ. ಒಂದು ಸಲ ಬದುಕಿದ್ದೇ ಹೆಚ್ಚು, ಆ ತಿರುವಿನ ಕೆಳಗೆ ಎಷ್ಟು ಸಲ ಹೋಗುವುದು ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೆಳಕ್ಕೆ ಹೋದರೂ ಆ ತಿರುವು ದಾಟಲೇಬೇಕು ಎಂದು ನಾನು ಹೇಳಿದೆ. ಒಂದೇ ಸಲ ದಾಟಿದರೆ ಸಾಕಲ್ಲ ಎಂದ. ಮಾತು ಬೆಳೆಯಿತು. ಬಾಡಿಗೆಗೆ ಇದ್ದವರ ಮನೆಗೆ ಇಷ್ಟು ದೂರ ಯಾರಾದರೂ ಬರುತ್ತಾರಾ ಎಂದು ಕೊನೆಗೆ ನೆಂಟರ ಮಾತನ್ನೇ ಆಡಿದ.

ಅಮ್ಮಿ ತಟ್ಟೆಯಲ್ಲೇ ಕೈ ತೊಳೆದು ಎದ್ದು ನಿಂತರು. "ನಾನು ಗಾಡಿ ನೋಡೋಕೆ ಬಂದಿಲ್ಲ ಇಲ್ಯಾಸ್. ನೀನು ಗಾಡಿ ಹತ್ರ ಇರು. ನಾವಿಬ್ರೂ ಹೋಗ್ತೀವಿ."

ಅವನು ಹೋಗಿ ಕಾರಿನಿಂದ ಬ್ಯಾಗುಗಳನ್ನು ಇಳಿಸತೊಡಗಿದ. ಅಷ್ಟರಲ್ಲಿ ಮೇಲಿನಿಂದ ಒಂದು ಬಾಡಿಗೆ ಜೀಪು ಇಳಿದು ಬಂತು. ದಿಲ್ ಬಹಾದೂರ್ ಅದು ನಿಲ್ಲುವ ಮುಂಚೆಯೇ ಹಾರಿ ಬಂದು ಅಮ್ಮಿಯ ಕಾಲು ಮುಟ್ಟಿದ. ಕಾರು ಮಿಸ್ತ್ರಿಯ ಪಾಲಾಯಿತು. ಸಾಮಾನೆಲ್ಲ ಜೀಪಿಗೆ ಹೋಯಿತು. ಇಲ್ಯಾಸ್ ಎಲ್ಲರಿಗಿಂತ ಕೊನೆಯಲ್ಲಿ ಹತ್ತಿ, ಕಾರು ಕಣ್ಮರೆಯಾಗುವ ತನಕ ಹಿಂದಕ್ಕೇ ನೋಡುತ್ತಿದ್ದ.

ಸರಿತಾಳ ಊರು

ತಾನ್‌ಸೇನ್ ಪೇಟೆ ಬೆಟ್ಟದ ಮೈಗೆ ಅಂಟಿಕೊಂಡಿದೆ. ಒಂದು ಮನೆಯ ಮಾಡು ಇನ್ನೊಂದು ಮನೆಯ ಅಂಗಳ. ಅಲ್ಲಿ ದಿಲ್ ಬಹಾದೂರನದೇ ಒಂದು ತಿಂಡಿ ಗಾಡಿ ಇದೆ. ಮೋಮೋ ಜೊತೆಗೆ ಶಿಡ್ಲಘಟ್ಟದ ಗೋಬಿ ಮಂಚೂರಿ ಮಾರುತ್ತಾನೆ, ಚೆನ್ನಾಗಿ ಹೋಗುತ್ತದಂತೆ. ಅವರ ಊರು ಅಲ್ಲಿಂದ ಇನ್ನೂ ಮುಂದೆ. ಜೀಪು ನಿಂತ ಮೇಲೆ ಕಲ್ಲಿನ ಮೆಟ್ಟಿಲುಗಳು. ಅಮ್ಮಿಯನ್ನು ಇಲ್ಯಾಸ್ ಮತ್ತು ದಿಲ್ ಬಹಾದೂರ್ ಅಣ್ಣತಮ್ಮಂದಿರಂತೆ ಎರಡು ಕಡೆ ಹಿಡಿದು ಹತ್ತಿಸಿದರು.

ಅಂಗಳದಲ್ಲಿ ಅಸ್ಮಿತಾ ನಿಂತಿದ್ದಳು. ಎತ್ತರವಾಗಿದ್ದಾಳೆ, ಎರಡು ಜಡೆ, ಮುಂದಿನ ಹಲ್ಲು ಬಿದ್ದಿದೆ. ಅಮ್ಮಿ ಎರಡೂ ಕೈ ಚಾಚಿದರು. ಮಗು ಅವರನ್ನು ನೋಡಿತು, ಬುರ್ಖಾ ನೋಡಿತು, ಓಡಿಹೋಗಿ ಬಾಗಿಲ ಹಿಂದೆ ಅವಿತುಕೊಂಡಿತು. ದಿಲ್ ಬಹಾದೂರ್ ನೇಪಾಳಿಯಲ್ಲಿ ಏನೇನೋ ಹೇಳಿ ಕರೆದ. ಮಗು ಬರಲಿಲ್ಲ. ಅದಕ್ಕೆ ಉರ್ದುವೂ ಉಳಿದಿಲ್ಲ, ಕನ್ನಡವೂ ಉಳಿದಿಲ್ಲ, ನಾವೂ ಉಳಿದಿಲ್ಲ. ಅಮ್ಮಿ ಕೈಗಳನ್ನು ಮೆಲ್ಲಗೆ ಇಳಿಸಿ, ಮೆಟ್ಟಿಲು ಹತ್ತಿ ಸುಸ್ತಾಯಿತು ಎಂದು ಜಗಲಿಯ ಮೇಲೆ ಕೂತರು. ಇಲ್ಯಾಸ್ ನನ್ನ ಕಡೆ ನೋಡಿದ. ಇಷ್ಟಕ್ಕಾ ಬಂದಿದ್ದು ಎಂದು ಅವನು ಕೇಳಲಿಲ್ಲ. ಆದರೆ ನನಗೆ ನಾನೇ ಕೇಳಿಕೊಂಡೆ.

ಆಗ ಹಿಂದಿನ ಗದ್ದೆಯಿಂದ ಸರಿತಾ ಬಂದಳು. ತಲೆಯ ಮೇಲಿದ್ದ ಹುಲ್ಲಿನ ಹೊರೆಯನ್ನು ಅಲ್ಲೇ ಕೆಡವಿದಳು.

"ಅಕ್ಕ, ಬಂದ್ರಾ? ಬನ್ನಿ ಬನ್ನಿ, ಕೈಕಾಲು ತೊಳ್ಕೊಳ್ಳಿ. ಅಮ್ಮಿ, ನೋಡಿ ಎಷ್ಟು ಸಣ್ಣ ಆಗೋಗಿದೀರಾ. ಅಣ್ಣ, ಯಾಕಣ್ಣ ನಿಂತೇ ಇದೀರಾ?"

ಸುತ್ತ ಬೆಟ್ಟ, ಜೋಳದ ಹೊಲ, ಎದುರಿಗೆ ಮೋಡದ ಹಿಂದೆ ಹಿಮದ ಸಾಲು ಇದೆಯಂತೆ. ಅಲ್ಲಿ ನಿಂತು ಈ ಹೆಂಗಸು ಶಿಡ್ಲಘಟ್ಟದ ಕೂಲಿ ಹೆಂಗಸರ ಕನ್ನಡ ಮಾತಾಡುತ್ತಿದ್ದಳು. ಮಾತು ನಿಲ್ಲಲೇ ಇಲ್ಲ. ಅವಳ ಜೊತೆ ರೇಷ್ಮೆ ಬಿಚ್ಚುತ್ತಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸಿದಳು. ನಮ್ಮ ಬೀದಿಯ ನಲ್ಲಿಯಲ್ಲಿ ಈಗ ದಿನಾ ನೀರು ಬರುತ್ತದಾ ಎಂದು ಕೇಳಿದಳು. ಮಹಡಿ ರೂಮಿಗೆ ಯಾರು ಬಂದಿದ್ದಾರೆ ಎಂದು ಕೇಳಿದಳು. ಯಾರೂ ಬಂದಿಲ್ಲ ಎಂದಾಗ ಅಮ್ಮಿಯ ಕಡೆ ತಿರುಗಿ ನೋಡಿದಳು. ಮತ್ತೆ ಶುರು ಮಾಡಿದಳು. ಒಂದು ಮಾತು ಕನ್ನಡ, ಒಂದು ಉರ್ದು, ನಡುವೆ ತೆಲುಗಿನ ಬೈಗುಳವೂ ಒಂದು ಬಂತು. ನಗುತ್ತ ನಗುತ್ತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಬಾಗಿಲ ಹಿಂದಿನಿಂದ ಅಸ್ಮಿತಾ ಮೊದಲು ಒಂದು ಕಣ್ಣು ತೋರಿಸಿದಳು, ಆಮೇಲೆ ಪೂರ್ತಿ ಮುಖ. ಅಮ್ಮನನ್ನೇ ಬಿಡುಗಣ್ಣಿಂದ ನೋಡುತ್ತಿದ್ದಳು. ಅವಳ ಅಮ್ಮ ಮನೆಯಲ್ಲಿ ಇಷ್ಟು ಮಾತಾಡುವವಳಲ್ಲ ಎಂದು ದಿಲ್ ಬಹಾದೂರ್ ನನಗೆ ಮೆಲ್ಲಗೆ ಹೇಳಿದ. ಅತ್ತೆ ಮಾವಂದಿರ ಎದುರು ತಲೆ ಎತ್ತದ ಸೊಸೆ ಅವಳು. ನಾವು ಅಮ್ಮಿಯ ಸಲುವಾಗಿ, ಮಗುವಿನ ಸಲುವಾಗಿ ಬಂದಿದ್ದೇವೆ ಎಂದುಕೊಂಡಿದ್ದೆ. ಕಾಯುತ್ತಿದ್ದವಳು ಇನ್ನೊಬ್ಬಳು ಎಂದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಮಗು ಅಮ್ಮಿಯಿಂದ ಒಂದು ಮಾರು ದೂರದಲ್ಲಿ ಕೂತಿತು. ಅದರ ಮರುದಿನ ಇನ್ನೂ ಹತ್ತಿರ. ಅಮ್ಮಿ ಕರೆಯಲೂ ಇಲ್ಲ, ಕೈ ಚಾಚಲೂ ಇಲ್ಲ. ಸೊಪ್ಪು ಬಿಡಿಸುತ್ತ ಕೂತಿದ್ದರು. ಮಗು ಒಂದು ಕಡ್ಡಿ ತೆಗೆದುಕೊಂಡು ತಾನೂ ಬಿಡಿಸಲು ಶುರು ಮಾಡಿತು.

ಅಷ್ಟು ಹೊತ್ತಿಗೆ ದಿಲ್ ಬಹಾದೂರನ ಫೋನಿಗೆ ಮಿಸ್ತ್ರಿಯ ಕರೆ ಬಂತು. ಅವನು ನನ್ನ ಕೈಗೆ ಕೊಟ್ಟ. ಪೈಪ್ ಹಾಕಿದ್ದಾಯಿತು, ಏರಿನಲ್ಲೂ ಓಡಿಸಿ ನೋಡಿದೆ, ಒಳ್ಳೇ ಎಳೆಯುತ್ತದೆ, ಯಾವಾಗ ಬೇಕಾದರೂ ಬನ್ನಿ ಎಂದ. ನಕ್ಕೋ ಎಂದು ಸೇರಿಸಿ ತಾನೇ ನಕ್ಕ. ಇಲ್ಯಾಸ್ ಅಂಗಳದ ಆ ತುದಿಯಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಬೆಳಗಿನಿಂದ ಬ್ಯಾಗಿನ ಜಿಪ್ ಹಾಕುವುದು ತೆಗೆಯುವುದು ಮಾಡುತ್ತಿದ್ದವನು ಅವನು.

ಸರಿತಾ ನನ್ನ ಪಕ್ಕ ಬಂದು ಕನ್ನಡದಲ್ಲೇ, ತಗ್ಗಿದ ದನಿಯಲ್ಲಿ ಹೇಳಿದಳು. "ಅಕ್ಕ, ಇನ್ನೊಂದು ದಿನ ಇದ್ದು ಹೋಗಿ. ಗಾಡಿ ಇನ್ನೂ ಆಗಿಲ್ಲ ಅಂತ ಹೇಳಿ ಅಣ್ಣಂಗೆ."

ಒಂದು ಊರಿನಲ್ಲಿ ಎರಡು ದಿನ ನಿಂತರೆ ಮೂರನೇ ದಿನ ನನ್ನ ಕಾಲು ತುರಿಸುತ್ತದೆ. ಕೀ ಕೈಗೆ ಬಂದರೆ ಸಾಕು ಎಂದು ಆ ಬೆಳಿಗ್ಗೆಯೂ ಅನಿಸಿತ್ತು.

"ಏನಂತೆ?" ಎಂದ ಇಲ್ಯಾಸ್.

"ಪೈಪ್ ಇನ್ನೂ ಬಂದಿಲ್ವಂತೆ," ಎಂದೆ.

ಮಿಸ್ತ್ರಿಯ ದನಿ ಆ ತುದಿಯವರೆಗೂ ಕೇಳುವಷ್ಟು ಜೋರಾಗಿತ್ತು. ಇಲ್ಯಾಸ್ ನನ್ನನ್ನು ನೋಡಿದ, ಸರಿತಾಳನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕಾಲು ಮಡಚಿ ಕೂತ.